ಕಾಟಾದ ಮೇಲಿನ ಮಿಸ್ ಕಾಲ್

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಕಂಪ್ಯೂಟರಿನ ಹೊಟ್ಟೆಯೊಳಗಿನ ವಿಷಯ ಬರೆದು ತಿಳಿಸುವಷ್ಟು ಓದಿದವಳು ನಾನಲ್ಲ. ಹಗಲು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಅಂಗಳದಲ್ಲಿ ಕೆಲಸ ಮಾಡಿ, ಸಂಜೆ ಶಹಾಬಾದಿನ ಒಂದು ಕ್ಲಾಸಿಗೆ ಹೋಗಿ ಹಾರ್ಡ್‌ವೇರ್ ಕಲಿತೆ. ಅಲ್ಲಿ ಕಲಿತದ್ದರಲ್ಲಿ ಎಷ್ಟು ಸರಿಯಾಗಿ ತಿಳಿದುಕೊಂಡಿದ್ದೇನೆ ಎಂಬ ಅನುಮಾನ ಇಂದಿಗೂ ಹೋಗಿಲ್ಲ. ಮೇಲಾಗಿ ಇದರಲ್ಲಿ ಇನ್ನೊಬ್ಬ ಹೆಣ್ಣುಮಗಳ ಹೆಸರಿದೆ. ಬರೆಯಲೇ ಎಂದು ಸುಜಾತಾಳನ್ನು ಕೇಳಿದಾಗ ಆಕೆ, "ಬರೀರಿ. ಆದ್ರ ನನಗ ಪಾಪದಾಕಿ ಮಾಡಿ ಬರೀಬ್ಯಾಡ್ರಿ" ಎಂದಳು. ಆ ಮಾತನ್ನು ಉಳಿಸಿಕೊಳ್ಳಲು ನೋಡುತ್ತೇನೆ.

ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಸಂಗಮೇಶ್ವರ ಸಾವುಕಾರರ ಲಾರಿ ಕಾಟಾ ಇದೆ. ಲಾರಿ ಕಬ್ಬಿಣದ ಹಾಸಿನ ಮೇಲೆ ಏರಿ ನಿಲ್ಲುತ್ತದೆ, ಕೋಣೆಯೊಳಗೆ ಕುಳಿತವರು ತೂಕದ ಚೀಟಿ ಕೊಡುತ್ತಾರೆ. ರಸ್ತೆಯ ಆಚೆ ಬದಿಗೆ ಸಾವುಕಾರರದೇ ಫರ್ಸಿ ಅಂಗಳ. ಅಂಗಳದ ಕಟ್ಟೆಯ ಮೇಲೆ ಕುಳಿತರೆ ಕಾಟಾ ಏರುವ ಪ್ರತಿ ಗಾಡಿಯೂ ಕಾಣುತ್ತದೆ. ಕೋಣೆಯೊಳಗೆ ಇರುವುದು ಕಾಟಾ ಕೂರಿಸಿದಾಗಲೇ ಬಂದ ಕಂಪ್ಯೂಟರು, ಕಪ್ಪು ಪರದೆ, ಬಿಳಿ ಅಕ್ಷರ. ಮೌಸ್ ಇಲ್ಲ. ಇಂಥವು ಇನ್ನೂ ನಡೆಯುತ್ತವೆಯೇ ಎಂದು ಪೇಟೆಯವರು ಕೇಳುತ್ತಾರೆ. ನಡೆಯುತ್ತವೆ. ಚಿತ್ತಾಪುರ, ಸೇಡಂ ಕಡೆಯ ಕಾಟಾಗಳಲ್ಲೂ ನೋಡಿದ್ದೇನೆ. ತೂಕದ ಪ್ರೋಗ್ರಾಮು ಬರೆದವನು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿರುವುದಿಲ್ಲ, ಹೊಸ ಯಂತ್ರದಲ್ಲಿ ಅದು ಏಳುವುದಿಲ್ಲ. ಹಾಗಾಗಿ ಹಳೆಯದನ್ನೇ ಧೂಳು ಒರೆಸಿ ಇಟ್ಟುಕೊಂಡಿರುತ್ತಾರೆ. ಆ ಧೂಳು ಒರೆಸುವುದೇ ನನ್ನ ಕೆಲಸದ ಮುಕ್ಕಾಲು ಪಾಲು.

ಸಾವುಕಾರರು ಫೋನು ಮಾಡಿ ಕರೆಸಿದಾಗ ಯಂತ್ರ ಕೆಟ್ಟಿದೆ ಎಂದೇ ತಿಳಿದು ಹೋದೆ. ಅವರು ನನ್ನನ್ನು ಕಾಟಾಕ್ಕೆ ಕಳಿಸಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸಿದರು.

"ಬಸವೇಶ್ವರಿ, ಮಷಿನ್ ಛಲೋ ಅದಾ. ಅದರ ಮುಂದ ಕುಂತಾಕಿ ನೆಟ್ಟಗಿಲ್ಲ. ಅಕಿ ಎಲ್ಲಿ ಕೈ ಹಾಕ್ತಾಳ, ಅಷ್ಟು ನೋಡಿ ಹೇಳು."

"ಅಂಥಾದ್ದೆಲ್ಲಾ ನನಗ ಬರಂಗಿಲ್ರಿ ಸಾವ್ಕಾರ್ರ. ನಾ ರಿಪೇರಿಯಾಕಿ."

"ಅದಕ ಕರೆದೀನಿ. ರಿಪೇರಿ ಅಂತ ಹೇಳಿ ಬಾಜೂಕ ಕುಂಡ್ರು. ನೀ ನಮ್ಮಾಕಿ ಅದೀ, ಹೊರಗ ಬಾಯಿ ಬಿಡಂಗಿಲ್ಲ. ಅಕಿ, ಅಕಿ ಅಣ್ಣ, ಹೊಳಿ ದಂಡಿ ಮಂದಿ, ಒಬ್ಬರಿಗೊಬ್ಬರು ಬಿಟ್ಟುಕೊಡಂಗಿಲ್ಲ."

ಅವರ ಕಡೆಯವಳೆಂಬಂತೆ ನಮ್ಮಾಕಿ ಎಂದದ್ದು ನನಗೆ ಹಿಡಿಸಲಿಲ್ಲ. ಆದರೂ ಕೊಟ್ಟ ಚಹಾ ಕುಡಿದೆ.

ಅವರು ಹೇಳಿದ ಸಂಗತಿ ಇಷ್ಟು. ಕಾಟಾದಲ್ಲಿ ಕುಳಿತು ಚೀಟಿ ಕೊಡುವವಳು ಸುಜಾತಾ. ಅವಳ ಅಣ್ಣ ಅಂಬರೇಶ ಟ್ರ್ಯಾಕ್ಟರಿನಲ್ಲಿ ಒಡೆದ ಕಲ್ಲು ತಂದು, ಜಲ್ಲಿ ಮಾಡುವ ಖಡಿ ಮಷಿನ್ನಿಗೆ ಹಾಕುತ್ತಾನೆ. ಅಲ್ಲಿ ಈ ಕಾಟಾದ ಚೀಟಿ ನೋಡಿಯೇ ಮಾಲಿಗೆ ದುಡ್ಡು ಕೊಡುತ್ತಾರೆ. ಒಂದು ದಿನ ಅವನ ಚೀಟಿಯಲ್ಲಿ ಒಂದು ಟ್ರಾಲಿ ಹೊರಲಾರದಷ್ಟು ತೂಕ ಬಂದಿತ್ತು. ಖಡಿ ಮಷಿನ್ನಿನವರು ಆ ಚೀಟಿ ಹಿಡಿದುಕೊಂಡು ಬಂದು ನಾಲ್ಕು ಮಂದಿಯ ಎದುರು ಮಾತಾಡಿದರು. ಅಂದಿನಿಂದ ಸಾವುಕಾರರಿಗೆ ನಿದ್ದೆಯಿಲ್ಲ. ತೂಕದ ಕೆಂಪು ಅಂಕಿಗಳ ಡಬ್ಬಿಯನ್ನು ಸುಜಾತಾಳ ಕಡೆಯಿಂದ ತಿರುಗಿಸಿ, ಡ್ರೈವರ್‌ಗಳಿಗೆ ಕಾಣುವಂತೆ ಕಿಟಕಿಗೆ ಇಡಿಸಿದರು. ಅವಳಿಗೆ ಉಳಿದದ್ದು ಕಂಪ್ಯೂಟರಿನ ಪರದೆ ಮಾತ್ರ. ಆಮೇಲೆ ಕಲಬುರಗಿಯಿಂದ ಒಬ್ಬನನ್ನು ಕರೆಸಿ ಕಂಪ್ಯೂಟರಿಗೆ ಇನ್ನೊಂದು ಡಬ್ಬಿ ಜೋಡಿಸಿದರು. ಅದರಲ್ಲಿ ಮೊಬೈಲ್ ಸಿಮ್ ಇದೆ. ಸಾವುಕಾರರು ಅದಕ್ಕೆ ಒಂದು ಮಿಸ್ ಕಾಲ್ ಕೊಟ್ಟರೆ, ಆ ಗಳಿಗೆಗೆ ಪರದೆಯ ಮೇಲಿರುವ ತೂಕ ಅವರ ಫೋನಿಗೆ ಮೆಸೇಜಾಗಿ ಬರುತ್ತದೆ.

"ಡಬ್ಬಿ ಹಚ್ಚಿದ ಮ್ಯಾಲ ಕಳವು ಕಡಿಮಿ ಆಗಬೇಕಿತ್ತಲ್ಲ? ಜಾಸ್ತಿ ಸಿಗಾಕತ್ಯಾವ. ಕಿಟಕಿಯಾಗ ಒಂದು ತೂಕ, ಚೀಟಿಯಾಗ ಒಂದು ತೂಕ. ಚೀಟಿಯಾಗ ಯಾವಾಗ್ಲೂ ಕಡಿಮಿ. ನಾ ಯಾವ ಗಾಡಿ ಮ್ಯಾಲ ಸಂಶೇ ಪಟ್ಟು ಕಾಲ್ ಕೊಡ್ತೀನೋ, ಬರೋಬ್ಬರಿ ಅದೇ ಗಾಡಿ ತಪ್ಪಿರ್ತದ. ನನ್ನ ಕಣ್ಣು ಸುಳ್ಳಾಗಂಗಿಲ್ಲ ನೋಡು."

"ಕಡಿಮಿ ಬಂದ್ರ ಅಕಿಗೇನು ಸಿಗ್ತದ್ರಿ?"

"ಕೈ ಬೆಚ್ಚಗ ಮಾಡಿದವರಿಗೆ ಹೆಚ್ಚು, ಮಾಡದವರಿಗೆ ಕಡಿಮಿ. ಇಷ್ಟೂ ತಿಳಿಯಂಗಿಲ್ಲೇನು? ನಾಳಿಗೆ ನೀ ಹೌದಂದ್ರ ಅಕಿನ್ನ ಇಳಸ್ತೀನಿ. ಅಷ್ಟ ಅಲ್ಲ, ವಾಡಿ ಶಹಾಬಾದ್ ನಡುವ ಯಾವ ಕಾಟಾದಾಗೂ ಕುಂಡ್ರದಂಗ ಮಾಡ್ತೀನಿ."

ನನ್ನ ಒಂದು ಮಾತಿಗೆ ಒಬ್ಬಳ ಅನ್ನ ಹೋಗುವುದಿತ್ತು.

ರಸ್ತೆ ದಾಟಿ ಕಾಟಾದ ಕೋಣೆಗೆ ಹೋದೆ. ಸುಜಾತಾ ನನಗಿಂತ ಚಿಕ್ಕವಳು. ಕುಳಿತ ಕುರ್ಚಿ ಬಿಟ್ಟೇಳದೆ ನನ್ನ ಚೀಲವನ್ನೂ ನನ್ನನ್ನೂ ನೋಡಿದಳು.

"ರಿಪೇರಿಗೆ ಬಂದೀರೋ, ಕಾವಲಿಗೆ ಬಂದೀರೋ ಅಕ್ಕೋರ?"

"ಧೂಳ ಹೊಡೀಲಿಕ್ಕ" ಎಂದೆ.

"ಹಂಗಾದ್ರ ಹೊರಗಿಂದ ಶುರು ಮಾಡ್ರಿ. ಇಲ್ಲಿ ಧೂಳ ರಸ್ತೆದಾಗೇ ಅದಾ."

ಪಕ್ಕದಲ್ಲಿ ಕುಳಿತೆ. ಗಾಡಿಗಳು ಏರಿದವು, ಇಳಿದವು. ಆಕೆ ಗಾಡಿಯ ನಂಬರು ಹೊಡೆಯುವುದು, ಪರದೆಯಲ್ಲಿ ತೂಕ ಕುಣಿದು ಕುಣಿದು ನಿಲ್ಲುವುದು, ಚೀಟಿ ಬರುವುದು. ಎಲ್ಲವೂ ನೆಟ್ಟಗಿತ್ತು. ಆದರೆ ಒಂದು ಗಾಡಿ ಇಳಿದು ಹೋದ ಕೂಡಲೇ ಆಕೆ ನನ್ನ ಕಡೆ ಓರೆಗಣ್ಣಿನಿಂದ ನೋಡಿ, ನಾನು ಚೀಲದಲ್ಲಿ ಏನೋ ಹುಡುಕುವಂತೆ ಬಗ್ಗಿದಾಗ, ಕೀಬೋರ್ಡಿನ ಮೇಲೆ ಪಟಪಟ ಬೆರಳಾಡಿಸಿದಳು. ಪರದೆ ಒಮ್ಮೆ ಕತ್ತಲಾಗಿ ಮತ್ತೆ ಬೆಳಗಿತು. ಆಕೆ ಏನೂ ಆಗದವಳಂತೆ ಸೆರಗು ಸರಿ ಮಾಡಿಕೊಂಡಳು.

ಸಾವುಕಾರರು ಹೇಳಿದ್ದು ಖರೇ ಇರಬಹುದು ಅಂತ ಆಗ ಅನ್ನಿಸಿತು. ಆ ಹೊತ್ತಿಗೆ ಆಕೆಯ ಬಗ್ಗೆ ನನ್ನಲ್ಲಿ ಒಳ್ಳೆಯದೇನೂ ಉಳಿದಿರಲಿಲ್ಲ.

ಮತ್ತೆ ಸ್ವಲ್ಪ ಹೊತ್ತಿಗೆ ಲಾರಿ ಡ್ರೈವರ್ ಮೆಹತಾಬ್ ಚೀಟಿ ಹಿಡಿದು ಕಿಟಕಿಗೆ ಬಂದ. "ಸುಜಾತಾಬಾಯಿ, ಇದೇನ್ರಿ? ಕೆಂಪಗ ನಾ ಓದಿದ್ದು ಒಂದು, ನೀವು ಬರೆದದ್ದು ಒಂದು. ಈ ಕಾಟಾ ಏರಿದವರು ತೆಳ್ಳಗಾಗ್ತಾರಂದ್ರ ನಾಳಿ ನನ್ನ ಹೆಂಡ್ತಿಗೂ ಕರ್ಕೊಂಡು ಬರ್ತೀನಿ."

"ಕರ್ಕೊಂಡು ಬಾ. ಅಕಿಗೆ ತೂಗಿ, ನಿನ್ನ ತಲಿಗೂ ತೂಗ್ತೀನಿ. ಕಾಟಾ ಅಲುಗಾಡಂಗಿಲ್ಲ" ಎಂದಳು ಸುಜಾತಾ. ಆದರೆ ಆಕೆಯ ಮುಖದ ಬಣ್ಣ ಇಳಿದಿತ್ತು.

ನಾನು ಕಿಟಕಿಗೆ ಹೋಗಿ ಹೊರಗಿನಿಂದ ಕೆಂಪು ಅಂಕಿ ನೋಡಿದೆ. ಮೆಹತಾಬನ ಲಾರಿ ಇನ್ನೂ ಮೇಲೆಯೇ ಇತ್ತು. ಅವನು ಹೇಳಿದ್ದು ಸರಿ. ಒಳಗೆ ಬಂದು ಪರದೆ ನೋಡಿದೆ, ಅಲ್ಲಿ ಕಡಿಮೆ. ಲಾರಿಯನ್ನು ಇಳಿಸು ಎಂದೆ. ಇಳಿಯಿತು. ಕಿಟಕಿಯಲ್ಲಿ ಸೊನ್ನೆ. ಹಾಸು ಖಾಲಿಯಾದರೂ ಪರದೆಯಲ್ಲಿ ಮಾತ್ರ ಅದೇ ಕಡಿಮೆ ತೂಕ ನಿಂತೇ ಇತ್ತು. ಸುಜಾತಾಳ ಎರಡೂ ಕೈ ಮಡಿಲಲ್ಲಿದ್ದವು. ಹೊಸ ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು.

ಆಕೆ ಮೆಲ್ಲಗೆ ಹೇಳಿದಳು, "ಈಗ ನೀವೇ ನೋಡಿದ್ರಿ. ಅಂಕಿ ಸಿಕ್ಕಬಿದ್ದಂಗ ಆಗ್ತದ. ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಆಗ್ತದ. ಗಾಡಿ ಇಳಿದ ಮ್ಯಾಲ ಸೊನ್ನಿ ಬರಲಿಲ್ಲಂದ್ರ ನನಗ ಗೊತ್ತಾಗ್ತದ. ಏರಾಗ ಸಿಕ್ಕಿದ್ರ ಹ್ಯಾಂಗ ಗೊತ್ತಾಗಬೇಕು? ತೂಕ ನಿಂತದ ಅಂತ ಚೀಟಿ ಕೊಡ್ತೀನಿ."

"ಮತ್ತ ಸಾವ್ಕಾರ್ರಿಗೆ ಯಾಕ ಹೇಳಲಿಲ್ಲ?"

"ಹೇಳಿದ್ರ, ಬಂದ್ ಮಾಡಿ ಚಾಲೂ ಮಾಡೋದು ನಿನಗ ಯಾರು ಕಲಿಸಿದ್ರು ಅಂತಾರ."

ಈಗ ತಾನೇ ನಾನೂ ಅದನ್ನೇ ಅಂದುಕೊಂಡಿದ್ದೆ.

ಕಂಪ್ಯೂಟರು ಆರಿಸಿ ಮುಚ್ಚಳ ತೆಗೆದೆ. ಇಲ್ಲಿಂದ ಮುಂದೆ ನಾನು ಹೇಳುವುದರಲ್ಲಿ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಕ್ಲಾಸಿನಲ್ಲಿ ಗುರುಲಿಂಗಪ್ಪ ಸರ್ ಇಂಟರಪ್ಟ್ ಎಂಬ ಶಬ್ದಕ್ಕೆ 'ನಡುವ ಬಾಯಿ ಹಾಕೋದು' ಎಂದು ಅರ್ಥ ಹೇಳಿದ್ದರು. "ಕಂಪ್ಯೂಟರ್ ತನ್ನ ಕೆಲಸದಾಗ ಇರ್ತದ. ಹೊರಗಿಂದ ಒಬ್ಬರು ನಡುವ ಬಾಯಿ ಹಾಕ್ತಾರ. ಕೈಯಾಗಿನ ಕೆಲಸ ಅಲ್ಲೇ ಇಟ್ಟು, ಬಂದವರ ಮಾತು ಕೇಳಿ, ಮತ್ತ ಬಿಟ್ಟ ಜಾಗಕ್ಕೇ ಬಂದು ಕುಂಡ್ರತದ. ಮನುಷ್ಯಾರಿಗೆ ಇಷ್ಟು ಬರಂಗಿಲ್ಲ" ಎನ್ನುತ್ತಿದ್ದರು. ಕಾಟಾದ ತೂಕ ಸೀರಿಯಲ್ ಪೋರ್ಟಿನ ವಾಯರಿನಲ್ಲಿ ಒಂದೊಂದೇ ಅಂಕಿಯಾಗಿ, ಒಂದರ ಹಿಂದೆ ಒಂದು ಬರುತ್ತದೆ. ಹಳೆಯ ಯಂತ್ರದ ಪೋರ್ಟಿಗೆ ಒಂದೇ ಅಂಕಿ ಹಿಡಿಯುವಷ್ಟು ಜಾಗ. ಅಂಕಿ ಬಂದ ಕೂಡಲೇ ಅದು ಒಂದು ಗೆರೆಯ ಮೇಲೆ ಕೂಗು ಹಾಕುತ್ತದೆ. ಕಂಪ್ಯೂಟರು ಓಡಿ ಬಂದು ತೆಗೆದುಕೊಳ್ಳಬೇಕು. ತಡವಾದರೆ ಆಮೇಲೆ ಬಂದ ಅಂಕಿ ಮೊದಲು ಬಂದದ್ದನ್ನು ತುಳಿಯುತ್ತದೆ.

ಈ ಕೂಗಿನ ಗೆರೆಗಳಿಗೆ ನಂಬರುಗಳಿವೆ. ಮೊದಲನೇ ಪೋರ್ಟಿಗೆ ನಾಲ್ಕನೇ ಗೆರೆ. ಮೂರನೇ ಪೋರ್ಟು ಜೋಡಿಸಿದರೆ, ನಾವು ಬದಲಿಸದಿದ್ದರೆ, ಅದಕ್ಕೂ ನಾಲ್ಕನೇ ಗೆರೆಯೇ. ಕಾಟಾ ಮೊದಲನೇ ಪೋರ್ಟಿನಲ್ಲಿತ್ತು. ಮಿಸ್ ಕಾಲ್ ಡಬ್ಬಿ ಮೂರನೆಯದರಲ್ಲಿತ್ತು. ಆ ಪೋರ್ಟಿನ ಕಾರ್ಡಿನ ಮೇಲೆ ಗೆರೆ ಬದಲಿಸುವ ಜಂಪರ್ ಎಂಬ ಚಿಕ್ಕ ಟೊಪ್ಪಿಗೆ ಇರುತ್ತದೆ, ಅದನ್ನು ಕಲಬುರಗಿಯವನು ಬದಲಿಸಿರಲಿಲ್ಲ.

"ಮನಿಗೆ ಮುಂದಿನ ಬಾಗಿಲಕೂ ಹಿಂದಿನ ಬಾಗಿಲಕೂ ಒಂದೇ ಗಂಟಿ ಅದ ಅಂತ ತಿಳ್ಕೋ. ಗಂಟಿ ಹೊಡೀಲಿಕ್ಕ ಶುರು ಆದಾಗ ಅಷ್ಟೇ ಇದು ತಿರುಗಿ ನೋಡ್ತದ. ಮುಂದಿನವ ಬಟನ್ ಒತ್ತಿ ಹಿಡಿದು ನಿಂತ. ಆವಾಗ ಹಿಂದಿನವ ಎಷ್ಟು ಒತ್ತಿದ್ರೇನು?" ಎಂದು ಸುಜಾತಾಳಿಗೆ ಹೇಳಿದೆ. ನನಗೂ ನಾನೇ ಹೇಳಿಕೊಳ್ಳುತ್ತಿದ್ದೆ.

ಆಕೆ ರಸ್ತೆಯ ಆಚೆಗಿನ ಕಟ್ಟೆ ನೋಡಿದಳು. "ಮುಂದಿನವ ಅಂದ್ರ ಸಾವ್ಕಾರ್ರಾ?"

"ಅವರ ಮಿಸ್ ಕಾಲ್. ಹಿಂದಿನವ ಕಾಟಾ."

ಸಾವುಕಾರರನ್ನು ಕರೆಸಿದೆ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ ಇಟ್ಟೆ. ಅವರು ಬಂದು ಬಾಗಿಲಲ್ಲಿ ನಿಂತು, ಸುಜಾತಾಳನ್ನು ನೋಡದೆ, "ಸಿಕ್ಕಳೇನು?" ಎಂದು ನನ್ನನ್ನು ಕೇಳಿದರು.

"ಗಾಡಿ ಏರಾಗ ನೀವೇ ಒಂದು ಕಾಲ್ ಕೊಡ್ರಿ. ದಿನಾ ಕೊಡೋ ಹಂಗ."

ಮೆಹತಾಬ್ ಲಾರಿಯನ್ನು ಹಿಂದಕ್ಕೆ ತೆಗೆದು ಮತ್ತೆ ಏರಿಸಿದ. ಸಾವುಕಾರರು ಬೆರಳು ಒತ್ತಿದರು. ಡಬ್ಬಿ ಮಿಣುಕಿತು. ಪರದೆಯ ತೂಕ ಏರಿ ಏರಿ ಬರೋಬ್ಬರಿ ಕಿಟಕಿಯ ತೂಕಕ್ಕೇ ನಿಂತಿತು. ಯಾವ ತಪ್ಪೂ ಇಲ್ಲ.

"ಏನು ತೋರಸಾಕತ್ತೀ ನೀ?"

"ಇನ್ನೊಂದ್ಸಲ ಕೊಡ್ರಿ. ಯಾವಾಗ್ಲೂ ಆಗಂಗಿಲ್ಲ, ಗಳಿಗಿ ಕೂಡಬೇಕು."

"ಮಷಿನ್ನಿಗೂ ಮುಹೂರ್ತ ಬೇಕೇನು?" ಎಂದ ಕಿಟಕಿಯಿಂದ ಮೆಹತಾಬ್. ಆದರೂ ಮತ್ತೆ ಲಾರಿ ಇಳಿಸಿ ಏರಿಸಿದ. ಮುಂದಿನ ಗಾಲಿ ಏರಿ, ಹಿಂದಿನ ಗಾಲಿ ಅಂಚಿಗೆ ಬಂದಾಗ ಸಾವುಕಾರರು ಒತ್ತಿದರು. ಪರದೆಯ ಅಂಕಿ ಅಲ್ಲಿಯೇ ಸತ್ತ ಹಾಗೆ ನಿಂತಿತು. ಲಾರಿ ಪೂರ್ತಿ ಏರಿತು. ಅಂಕಿ ಕದಲಲಿಲ್ಲ. ಸಾವುಕಾರರ ಫೋನು ಗುಂಯ್ ಎಂದಿತು, ಮೆಸೇಜ್ ಬಂತು. ಅದೇ ಅರ್ಧ ತೂಕ.

ಅವರು ಫೋನನ್ನು ನೋಡಿದರು, ಪರದೆಯನ್ನು ನೋಡಿದರು, ಹೊರಗೆ ಹೋಗಿ ಕಿಟಕಿಯ ಅಂಕಿ ನೋಡಿ ಬಂದರು. ಸುಜಾತಾಳ ಕೈ ಯಾವುದನ್ನೂ ಮುಟ್ಟಿರಲಿಲ್ಲ. ಅದನ್ನೂ ನೋಡಿದರು.

"ಅಂದ್ರ ನಾ ಕೇಳಿದಾಗೆಲ್ಲಾ ಇದು ಸುಳ್ಳ ಹೇಳ್ತಿತ್ತೇನು?"

"ಸುಳ್ಳಲ್ರಿ. ನೀವು ಕೂಗೋ ಮೊದಲು ಕೇಳಿಸ್ಕೊಂಡಿದ್ದ ಹಳೇ ಮಾತು ಹೇಳ್ತಿತ್ತು. ಹೊಸಾದು ಕೇಳಾಕ ಅದಕ್ಕ ಕಿವಿ ಖಾಲಿ ಇರಲಿಲ್ಲ."

"ಸಾವ್ಕಾರ್ರ," ಎಂದ ಮೆಹತಾಬ್, "ನನ್ನ ಗಾಡಿ ಮ್ಯಾಲ ನಿಮಗ ಭಾಳ ಪ್ರೀತಿ ಅನಸ್ತದ. ದಿನಾ ನನಗೇ ಕಾಲ್."

ಸಾವುಕಾರರು ನಗಲಿಲ್ಲ. ನಾನು ಕಂಪ್ಯೂಟರು ಆರಿಸಿ, ಕಾರ್ಡಿನ ಟೊಪ್ಪಿಗೆ ಕಿತ್ತು ಡಬ್ಬಿಯನ್ನು ಐದನೇ ಗೆರೆಗೆ ಹಾಕಿದೆ. ಡಬ್ಬಿಯ ಪ್ರೋಗ್ರಾಮಿನಲ್ಲೂ ಆ ನಂಬರು ಬದಲಿಸಿದೆ. ಆಮೇಲೆ ಮತ್ತೆ ಮತ್ತೆ ಕಾಲ್ ಕೊಡಿಸಿದೆ, ಮೆಹತಾಬ್ ಬೇಸರಪಡುವ ತನಕ ಲಾರಿ ಏರಿಸು, ಇಳಿಸು ಎಂದೆ. ಪರದೆ ಎಲ್ಲಿಯೂ ನಿಲ್ಲಲಿಲ್ಲ. ಸುಜಾತಾ ಮೊದಲ ಸಲ ಕುರ್ಚಿಯಿಂದ ಎದ್ದು ನಿಂತಳು. ಆಕೆಯ ಮುಖದ ಮೇಲೆ ನಗೆಯಲ್ಲ, ಆದರೆ ನಗೆ ಬರುವ ಮೊದಲಿನದೇನೋ ಇತ್ತು.

ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಸಾವುಕಾರರು ಹೋಗಲು ತಿರುಗಿದವರು ಬಾಗಿಲಲ್ಲೇ ನಿಂತರು. "ಬಸವೇಶ್ವರಿ, ಈ ಡಬ್ಬಿ ಹಚ್ಚಿದ್ದು ಅಂಬರೇಶನ ಚೀಟಿ ಸಿಕ್ಕ ಮ್ಯಾಲ. ಆ ದಿನ ಡಬ್ಬಿ ಇರಲಿಲ್ಲ. ಮತ್ತ ಇವೆಲ್ಲಾ ಕಡಿಮಿ ಬಂದಾವ, ಅವನದು ಹೆಚ್ಚಿಗಿ ಬಂದಿತ್ತು. ಅದು ಹ್ಯಾಂಗಾತು?"

ಸುಜಾತಾ ನನ್ನನ್ನೇ ನೋಡುತ್ತಿದ್ದಳು. ಅದೂ ಮಷಿನ್ನಿನದೇ ತಪ್ಪು ಎಂದು ನಾನು ಹೇಳಬಹುದಿತ್ತು. ಆ ಹೊತ್ತಿನಲ್ಲಿ ನಾನು ಏನು ಹೇಳಿದ್ದರೂ ನಡೆಯುತ್ತಿತ್ತು. ಅಂಕಿಗಳು ಬರುವಾಗ ಒಂದು ತುಳಿದುಹೋಗಿ ಇನ್ನೊಂದು ಅದರ ಜಾಗಕ್ಕೆ ಕೂರಬಹುದು, ಸಿಡಿಲು ಬಡಿದರೆ ಅಂಕಿ ಕೆಡಬಹುದು, ಹಾಸಿನ ಕೆಳಗೆ ಕಲ್ಲು ಸಿಕ್ಕಿದರೂ ತೂಕ ತಪ್ಪಬಹುದು. ಇವೆಲ್ಲ ಆಗಬಹುದಾದವು. ಆಗಿದ್ದು ಯಾವುದು ಎಂದು ನನಗೆ ಗೊತ್ತಿರಲಿಲ್ಲ.

"ಅದು ನನಗ ಗೊತ್ತಿಲ್ರಿ" ಎಂದೆ.

ಸಾವುಕಾರರು ತಲೆಯಾಡಿಸಿದರು. ಅವರಿಗೆ ಬೇಕಾದಷ್ಟು ಉತ್ತರ ಸಿಕ್ಕಿತೋ, ಅರ್ಧ ಸಿಕ್ಕಿತೋ ಹೇಳಲಾರೆ. "ಕುಂಡ್ರವ್ವಾ, ಕೆಲಸ ನೋಡು. ನಿನ್ನ ಅಣ್ಣನ ಟ್ರ್ಯಾಕ್ಟರ್ ಅಷ್ಟು ಇಲ್ಲಿ ತೂಗಬ್ಯಾಡ" ಎಂದು ಸುಜಾತಾಳಿಗೆ ಹೇಳಿದರು.

"ಇಲ್ಲಿ ಬ್ಯಾಡಂದ್ರ ಎಲ್ಲಿ ತೂಗಸಬೇಕ್ರಿ? ಚಿತ್ತಾಪುರಕ್ಕ ಕಲ್ಲು ಹೊತ್ಕೊಂಡು ಹೋಗಿ ಬರಬೇಕಾ?"

"ಅದು ಅವನ ಪಾಡು."

"ಹಂಗಂದ್ರ ನನ್ನ ಮ್ಯಾಲಿನ ಸಂಶೇ ಹೋಗಿಲ್ಲ."

"ಕೆಲಸ ಕೊಟ್ಟೀನಲ್ಲ?"

"ಕೆಲಸ ಕೊಟ್ಟೀರಿ" ಎಂದಳು ಸುಜಾತಾ. ಆಮೇಲೆ ಕಿಟಕಿಗೆ ಹೋಗಿ, ಕೆಂಪು ಅಂಕಿಗಳ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದು, ಅರ್ಧ ಡ್ರೈವರ್ ಕಡೆಗೆ ಅರ್ಧ ತನ್ನ ಕಡೆಗೆ ಕಾಣುವಂತೆ ಓರೆ ಮಾಡಿ ಇಟ್ಟಳು. ಸಾವುಕಾರರು ನೋಡಿದರು, ಬೇಡ ಎನ್ನಲಿಲ್ಲ. ರಸ್ತೆ ದಾಟಿ ಹೋದರು.

ನಾನು ಸ್ಕ್ರೂ ಬಿಗಿಯುವಾಗ ಆಕೆ ಬೆನ್ನು ತಿರುಗಿಸಿಯೇ ಕೇಳಿದಳು, "ಮಷಿನ್ನಿಂದೇ ತಪ್ಪು ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕೋರ?"

"ಗೊತ್ತಿಲ್ಲದ್ದು ಹ್ಯಾಂಗ ಹೇಳಲಿ?"

"ನಾ ಕದ್ದೀನಿ ಅಂತ ಅವರಿಗೆ ಗೊತ್ತಿತ್ತೇನು? ಹೇಳಲಿಲ್ಲೇನು?" ಎಂದಳು. "ಹೋಗ್ಲಿ ಬಿಡ್ರಿ. ನೀವು ಅವರಾಕೀನೇ."

ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತೊಗರಿ ಚೀಲದ ಲಾರಿಯೊಂದು ಹಾರ್ನ್ ಹಾಕಿ ಹಾಸಿನ ಮೇಲೆ ಏರಿತು. ಆಕೆ ನಂಬರು ಹೊಡೆಯತೊಡಗಿದಳು. ಹೇಳಬೇಕೆಂದಿದ್ದ ಮಾತಿಗೆ ಆಮೇಲೆ ನಾನು ತಿರುಗಿ ಬರಲಿಲ್ಲ.

ಸುಜಾತಾ ಈಗಲೂ ಅದೇ ಕಾಟಾದಲ್ಲಿದ್ದಾಳೆ. ಚೀಟಿ ತಪ್ಪಿದ ದೂರು ಬಂದಿಲ್ಲ. ಸಾವುಕಾರರು ಈಗಲೂ ಮಿಸ್ ಕಾಲ್ ಕೊಡುತ್ತಾರೆ, ಈಗ ಮೆಹತಾಬನ ಗಾಡಿಗಿಂತ ಬೇರೆಯವರ ಗಾಡಿಗಳಿಗೆ ಹೆಚ್ಚು. ಅಂಬರೇಶ ತನ್ನ ಕಲ್ಲನ್ನು ಎಲ್ಲಿ ತೂಗಿಸುತ್ತಾನೆಂದು ನಾನು ಕೇಳಲಿಲ್ಲ. ಆ ತೂಕದ ಪ್ರೋಗ್ರಾಮನ್ನು ನನಗೆ ತಿಳಿದಷ್ಟು ಓದಿದ್ದೇನೆ. ಟ್ರಾಲಿಯ ತೂಕ ತಾನಾಗಿಯೇ ಅಷ್ಟು ಏರಬಲ್ಲದು ಎನ್ನುವುದಕ್ಕೂ ಅದರಲ್ಲಿ ಆಧಾರ ಸಿಗಲಿಲ್ಲ, ಏರಲಾರದು ಎನ್ನುವುದಕ್ಕೂ ಸಿಗಲಿಲ್ಲ. ನನಗಿಂತ ಹೆಚ್ಚು ಓದಿದವರಿಗೆ ಸಿಗಬಹುದು. ಆ ದಿನ ಅಂಬರೇಶನ ಚೀಟಿಯಲ್ಲಿ ಆ ತೂಕ ಹೇಗೆ ಬಂತು ಎಂಬುದು ನನಗೆ ಗೊತ್ತಿಲ್ಲ.